ಬಂದೂಕು ನೋಡಿದ್ದು ಸಾಕು, ಅದರ ಪಟ್ಟಿ ನೋಡಿ

ಎಟಿಎಂಗೆ ದುಡ್ಡು ತುಂಬೋ ವ್ಯಾನು ಬಂದು ನಿಂತರೆ ನಮ್ಮ ಕಣ್ಣು ಹೋಗೋದು ಬಂದೂಕಿನ ಮೇಲೆ. ಅದನ್ನು ಹೊತ್ತವರ ಹೆಗಲಿನ ಪಟ್ಟಿಯನ್ನು, ಅಂದರೆ ಸ್ಲಿಂಗನ್ನು, ಯಾರೂ ಗಮನಿಸಲ್ಲ. ಅಶೋಕಪುರಂನಲ್ಲಿ ನನಗೆ ಗೊತ್ತಿರುವ ಇಬ್ಬರಿಗೆ ಇದೇ ಕೆಲಸ. ಇಬ್ಬರ ದೂರೂ ಒಂದೇ: ಬಂದೂಕು ಪರವಾಗಿಲ್ಲ, ಪಟ್ಟಿ ಹೆಗಲು ಕುಯ್ಯುತ್ತೆ.

ಕಾವಲುಗಾರರ ಡಬಲ್ ಬ್ಯಾರೆಲ್ 12 ಬೋರ್ ಬಂದೂಕು ಸುಮಾರು 3 ಕೆಜಿ. ಪೊಲೀಸರ ಇನ್ಸಾಸ್ ರೈಫಲ್ 4 ಕೆಜಿಗಿಂತ ಹೆಚ್ಚು. ಏನ್ ಮಹಾ ಭಾರ ಅನ್ನಬೇಡಿ. ಪಾಳಿ ಮುಗಿಯೋವರೆಗೂ ಅದು ಒಂದೇ ಹೆಗಲ ಮೇಲೆ ಕೂರುತ್ತೆ. ಹಳೇ .303 ರೈಫಲ್ಲಿನ ಹತ್ತಿ ಪಟ್ಟಿಯ ಅಗಲ ಒಂದೂಕಾಲು ಇಂಚು. ಅಗಲ ಎರಡು ಇಂಚಾದರೆ ಅದೇ ಭಾರ ಹೆಚ್ಚು ಜಾಗಕ್ಕೆ ಹರಡುತ್ತೆ, ಒತ್ತಡ ಸುಮಾರು ಮೂರನೇ ಒಂದು ಭಾಗ ಇಳಿಯುತ್ತೆ. ಚರ್ಮದ ಪಟ್ಟಿ ಮಳೆಗೆ ನೆನೆದರೆ ಹಿಗ್ಗುತ್ತೆ. ಹತ್ತಿಯದು ನೀರು ಕುಡಿಯುತ್ತೆ. ನೈಲಾನ್ ಬೇಗ ಒಣಗುತ್ತೆ, ಆದರೆ ಜಾರುತ್ತೆ, ತೆಳ್ಳಗಿದ್ದರೆ ಅಂಚು ಚುಚ್ಚುತ್ತೆ.

ಕಟ್ಟುವ ರೀತಿಯೂ ಮುಖ್ಯ. ಒಂದೇ ಕಡೆ ಸಿಕ್ಕಿಸುವ ಸ್ಲಿಂಗ್ ಕಮಾಂಡೊಗಳ ಚಿಕ್ಕ ಬಂದೂಕಿಗೆ ಸರಿ. ಉದ್ದ ಬಂದೂಕಾದರೆ ನಡೆಯುವಾಗ ಮಂಡಿಗೆ ಬಡಿಯುತ್ತೆ. ನಿಂತು ಕಾಯುವವರಿಗೆ ಬೇಕಿರೋದು ಎರಡು ಕಡೆ ಸಿಕ್ಕಿಸಿ ಎದೆಗೆ ಅಡ್ಡಲಾಗಿ ಹಾಕಿಕೊಳ್ಳುವ, ಉದ್ದ ಹೊಂದಿಸಬಹುದಾದ ಸ್ಲಿಂಗ್. ಕೈ ಖಾಲಿ ಇರುತ್ತೆ, ಗುಂಪಿನಲ್ಲಿ ಬಂದೂಕು ಕಿತ್ತುಕೊಳ್ಳೋದು ಕಷ್ಟ. ಆದರೆ ಯಾರಾದರೂ ಜಗ್ಗಿದರೆ ಬಂದೂಕಿನ ಜೊತೆ ಮನುಷ್ಯನೂ ಹೋಗ್ತಾನೆ! ಅದಕ್ಕೇ ಒಂದೇ ಏಟಿಗೆ ಬಿಚ್ಚಿಕೊಳ್ಳುವ ಬಕಲ್ ಬೇಕು. ಅಗ್ಗದ ಪಟ್ಟಿಯಲ್ಲಿ ಇಲ್ಲದಿರೋದು ಇದೇ.

ಕ್ರೀಡೆಯಲ್ಲಿ ಇಂಥ ವಿಷಯಕ್ಕೆ ಲಿಖಿತ ನಿಯಮವೇ ಇದೆ. ಅಂತರರಾಷ್ಟ್ರೀಯ ಶೂಟಿಂಗ್‌ನಲ್ಲಿ ಸ್ಲಿಂಗ್ 40 ಮಿ.ಮೀ.ಗಿಂತ ಅಗಲ ಇರುವಂತಿಲ್ಲ. ಮಲಗಿ, ಮಂಡಿಯೂರಿ ಹೊಡೆಯುವಾಗ ಬಳಸಬಹುದು, ನಿಂತು ಹೊಡೆಯುವಾಗ ಇಲ್ಲ.

ಅಶೋಕಪುರಂನಂಥ ಅಂಬೇಡ್ಕರ್‌ವಾದಿ ಕೇರಿಯಲ್ಲಿ ಕೂತು ಇದನ್ನು ಬರೆಯುವಾಗ ಒಂದು ಮಾತು ಹೇಳಲೇಬೇಕು. ಯಾರ ಹೆಗಲಿಗೆ ಬಂದೂಕು ಅನ್ನೋದು ಈ ದೇಶದಲ್ಲಿ ಜಾತಿಯ ಪ್ರಶ್ನೆಯೂ ಆಗಿತ್ತು. 19ನೇ ಶತಮಾನದ ಕೊನೆಗೆ ಬ್ರಿಟಿಷರು ಮಹಾರರನ್ನು ಸೇನೆಗೆ ಸೇರಿಸಿಕೊಳ್ಳೋದು ನಿಲ್ಲಿಸಿದರು. ಅಂಬೇಡ್ಕರ್ ಪಟ್ಟು ಹಿಡಿದ ಮೇಲೆ, 1941ರಲ್ಲಿ, ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದಿದ್ದು ನಮ್ಮ ಬೆಳಗಾವಿಯಲ್ಲೇ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇವತ್ತಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಅಲ್ಲಿ ಬಂದೂಕು ಗೌರವದ ಗುರುತು. ಸಂಬಳಕ್ಕೆ ಹೊರುವವರಿಗೆ ಅದು ಬರೀ ಭಾರ, ಪಟ್ಟಿಯನ್ನೂ ಅವರು ಆರಿಸಿಕೊಳ್ಳುವಂತಿಲ್ಲ.

ಖಾಸಗಿ ಭದ್ರತಾ ಏಜೆನ್ಸಿಗಳಿಗೆ 2005ರ ಕಾಯ್ದೆ ಇದೆ, ಕಾವಲುಗಾರರ ತರಬೇತಿಗೆ ನಿಯಮಗಳಿವೆ. ಬ್ಯಾಂಕುಗಳು ಗುತ್ತಿಗೆ ಕೊಡುವಾಗ ಟೆಂಡರಿನಲ್ಲಿ ಎರಡು ಸಾಲು ಸೇರಿಸಲಿ: ಎರಡು ಇಂಚಿನ ಪಟ್ಟಿ, ಬಿಚ್ಚುವ ಬಕಲ್. ಕಾವಲುಗಾರರ ಸಂಘಟನೆಗಳು ಸಂಬಳದ ಜೊತೆಗೆ ಇದನ್ನೂ ಕೇಳಲಿ. ಸದ್ಯಕ್ಕೆ ನಮ್ಮ ಕೇರಿಯ ಆ ಇಬ್ಬರಲ್ಲಿ ಒಬ್ಬರು ಮಗಳ ಹಳೇ ಸ್ಕೂಲ್ ಬ್ಯಾಗಿನ ಮೆತ್ತೆಯನ್ನು ಪಟ್ಟಿಗೆ ಹೊಲಿಸಿಕೊಂಡಿದ್ದಾರೆ.