ನಿಮಗಿದು ಗೊತ್ತೇ? ಮಾಗಡಿ ಕೆರೆಯ ಹೆಬ್ಬಾತುಗಳು

ಶಿರವಾಡದವರಿಗೆ ಕಾಳಿ ಅಳಿವೆಯ ಬೆಳ್ಳಕ್ಕಿ, ಕಡಲಹದ್ದು ಹೊಸತಲ್ಲ. ಕಾಡು ಹೆಬ್ಬಾತುಗಳ ಹಿಂಡು ನೋಡಬೇಕೆಂದರೆ ಮಾತ್ರ ಘಟ್ಟ ಹತ್ತಬೇಕು. ಅಂಕೋಲೆಯಿಂದ ಹುಬ್ಬಳ್ಳಿ ಮೇಲೆ ಗದಗಕ್ಕೆ ಹೋದರೆ, ಅಲ್ಲಿಂದ ಸುಮಾರು 26 ಕಿ.ಮೀ. ದೂರದಲ್ಲಿ ಮಾಗಡಿ ಕೆರೆ.

● ಚಳಿಗಾಲದಲ್ಲಿ ಇಲ್ಲಿಗೆ ಬರುವುದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಗುರುತಿಗೆ ಅಷ್ಟು ಸಾಕು. ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್‌ಗಳ ಸರೋವರಗಳಲ್ಲಿ.

● ನಡುವೆ ಹಿಮಾಲಯವಿದೆಯಲ್ಲ? ಅದನ್ನೂ ರೆಕ್ಕೆ ಬಡಿದೇ ದಾಟುತ್ತವೆ. ವಿಜ್ಞಾನಿಗಳು ಉಪಕರಣ ಕಟ್ಟಿ ಬಿಟ್ಟಾಗ ಒಂದು ಹಕ್ಕಿ 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಯಿತು. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ಹಿಮೋಗ್ಲೋಬಿನ್ ಇವುಗಳ ರಕ್ತದಲ್ಲಿದೆ. ಹೆಚ್ಚಾಗಿ ಹೊರಡುವುದು ರಾತ್ರಿ ಇಲ್ಲವೇ ನಸುಕಿನಲ್ಲಿ. ಆಗಿನ ತಣ್ಣನೆಯ ಗಾಳಿ ದಟ್ಟವಾಗಿದ್ದು ರೆಕ್ಕೆಗೆ ಆಸರೆ ಕೊಡುತ್ತದೆ.

● ಮಾಗಡಿ ಕೆರೆ ನಿಸರ್ಗದ ಸರೋವರವಲ್ಲ. ನೀರಾವರಿಗಾಗಿ ಮಳೆನೀರು ಹಿಡಿದಿಡಲು ಮನುಷ್ಯರೇ ಕಟ್ಟಿದ್ದು, ವಿಸ್ತಾರ 50 ಹೆಕ್ಟೇರಿನಷ್ಟು. ಇಷ್ಟು ಪುಟ್ಟ ಕೆರೆಗೆ ಸುಮಾರು 8,000 ಹೆಬ್ಬಾತುಗಳು!

● ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ. ಹೊತ್ತು ಮುಳುಗಿದ ಮೇಲೆ ಹಿಂಡು ಹಿಂಡಾಗಿ ಹೊಲಗಳಿಗೆ ಹೋಗಿ ಶೇಂಗಾ, ಕಾಳು, ಎಳೆ ಪೈರು ಮೇಯುತ್ತವೆ, ಬೆಳಗಾಗುತ್ತಲೇ ಮರಳುತ್ತವೆ. ಅಂದರೆ ಈ ಅತಿಥಿಗಳ ಊಟ ರೈತರ ದುಡಿಮೆಯದು. ಹಕ್ಕಿ ಉಳಿದಿದ್ದರ ಶ್ರೇಯದಲ್ಲಿ ಮೊದಲ ಪಾಲು ಆ ಹೊಲಗಳ ಒಡೆಯರಿಗೇ ಸಲ್ಲಬೇಕೆಂದು ನಾನು ನಂಬಿದ್ದೇನೆ.

● ಮಂಗೋಲಿಯಾದಲ್ಲಿ ಅಕ್ಷರದ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ ಬರೆದಿಟ್ಟುಕೊಳ್ಳಿ. ಸಂಶೋಧಕರಿಗೆ ಅದು ಅಮೂಲ್ಯ.

● ಮೊಟ್ಟೆಯೊಡೆದ ಹೆಬ್ಬಾತು ಮರಿ ಮೊದಲು ಕಂಡ ಚಲಿಸುವ ಜೀವಿಯನ್ನೇ ತಾಯಿಯೆಂದು ಹಿಂಬಾಲಿಸುತ್ತದೆ. ಇದನ್ನು ವಿವರವಾಗಿ ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1973ರ ನೊಬೆಲ್ ಹಂಚಿಕೊಂಡರು.

● 2024ರಲ್ಲಿ ಕರ್ನಾಟಕದ ಮೂರು ತಾಣಗಳು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು: ಮಾಗಡಿ ಕೆರೆ, ಅಂಕಸಮುದ್ರ, ಮತ್ತು ನಮ್ಮದೇ ಜಿಲ್ಲೆಯ ಅಘನಾಶಿನಿ ಅಳಿವೆ. ಘಟ್ಟದ ಮೇಲಿನ ಕೆರೆಗೂ ಕೆಳಗಿನ ಅಳಿವೆಗೂ ಈಗ ಒಂದೇ ಗೌರವ.

ಡಿಸೆಂಬರ್-ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಬೆಳಗಿನ ಹೊತ್ತೇ ಕೆರೆ ತಲುಪಿ, ದೂರದಿಂದಲೇ ನೋಡಿ. ಡ್ರೋನ್ ಹಾರಿಸಬೇಡಿ, ಫೋಟೋಕ್ಕಾಗಿ ಹಿಂಡನ್ನು ಎಬ್ಬಿಸಬೇಡಿ.