ಅಂಗವಿಕಲ ಸ್ತ್ರೀಯರ ಗರ್ಭನಿರೋಧ: ಗುಜರಾತಿನ ಮೂರು ನಗರಗಳನ್ನು ಕುರಿತು

ಗರ್ಭನಿರೋಧದ ಅಂಕಿಅಂಶಗಳಲ್ಲಿ ‘ಬಳಕೆದಾರಳು’ ಎಂಬ ಪದವು ಸರಳವಾಗಿ ಕಾಣುತ್ತದೆ. ಅಂಗವಿಕಲ ಸ್ತ್ರೀಯರ ವಿಷಯದಲ್ಲಿ ಅದು ಸರಳವಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವಳೂ ಪಟ್ಟಿಯಲ್ಲಿ ಬಳಕೆದಾರಳೇ. ಆ ನಿರ್ಧಾರವು ಅವಳದೋ, ತಂದೆತಾಯಿಯರದೋ, ಅತ್ತೆಯದೋ ಎಂಬುದು ಅಂಕಿಯಿಂದ ತಿಳಿಯದು. ಕನ್ನಡದಲ್ಲಿ ‘ಆಪರೇಷನ್ ಮಾಡಿಸಿಕೊಂಡಳು’ ಎಂಬುದಕ್ಕೂ ‘ಆಪರೇಷನ್ ಮಾಡಿಸಿದರು’ ಎಂಬುದಕ್ಕೂ ಇರುವ ಅಂತರವನ್ನು ‘ಕೊಳ್ಳು’ ಎಂಬ ಧಾತುವೇ ತೋರಿಸಿಕೊಡುತ್ತದೆ. ಗುಜರಾತಿಯ ‘ಕರಾವ್ಯುಂ’ ಎಂಬ ಒಂದೇ ಕ್ರಿಯಾರೂಪವು ಎರಡಕ್ಕೂ ಸಲ್ಲುತ್ತದೆ. ಭೇದವನ್ನು ಸರ್ವನಾಮದ ವಿಭಕ್ತಿಯಿಂದ ಗ್ರಹಿಸಬೇಕು. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಸಂದರ್ಶನ ನಡೆಸುವ ಕನ್ನಡ ಸಂಶೋಧಕರು ಇದನ್ನು ಮೊದಲೇ ಗಮನದಲ್ಲಿರಿಸಿಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ.

2011ರ ಜನಗಣತಿಯ ಪ್ರಕಾರ ಗುಜರಾತಿನಲ್ಲಿ ಸುಮಾರು 10.9 ಲಕ್ಷ ಅಂಗವಿಕಲರಿದ್ದರು. ಅಹಮದಾಬಾದಿನಲ್ಲಿ ಅಂಧ ಕನ್ಯಾ ಪ್ರಕಾಶ ಗೃಹವು 1954ರಿಂದಲೂ ಇದೆ. ಅಂಧ ಬಾಲಕಿಯರ ಶಿಕ್ಷಣಕ್ಕೆ ಇಷ್ಟು ಹಳೆಯ ನೆಲೆಯಿರುವ ನಗರದಲ್ಲಿಯೂ ಮಾತ್ರೆಯ ಪಟ್ಟಿಯನ್ನು ರೂಪಿಸಿರುವುದು ಕಣ್ಣುಳ್ಳವರಿಗಾಗಿಯೇ. ಸರ್ಕಾರಿ ‘ಮಾಲಾ-ಎನ್’ ಪಟ್ಟಿಯ 28 ಮಾತ್ರೆಗಳಲ್ಲಿ 21 ಹಾರ್ಮೋನಿನವು, ಉಳಿದ 7 ಕಬ್ಬಿಣದವು. ಅವುಗಳನ್ನು ಬಣ್ಣದಿಂದ ಗುರುತಿಸಬೇಕು. ‘ಛಾಯಾ’ ಮಾತ್ರೆಯು ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಅನಂತರ ವಾರಕ್ಕೆ ಒಂದು. ಬುದ್ಧಿಮಾಂದ್ಯವುಳ್ಳವಳಿಗೆ ಈ ಲೆಕ್ಕವನ್ನು ಇನ್ನೊಬ್ಬರು ಇಡಬೇಕಾಗುತ್ತದೆ, ಅಲ್ಲಿಗೆ ಗೋಪ್ಯತೆ ಮುಗಿಯಿತು.

ವೈದ್ಯಕೀಯ ಕಾರಣಗಳೂ ಉಂಟು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಔಷಧಗಳು ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತವೆ. ನಡೆಯಲಾಗದೆ ಗಾಲಿಕುರ್ಚಿಯಲ್ಲಿಯೇ ಇರುವವಳಿಗೆ ಈಸ್ಟ್ರೋಜನ್ನಿನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ‘ಅಂತರಾ’ ಚುಚ್ಚುಮದ್ದು ಮೂಳೆಯ ಸಾಂದ್ರತೆಯನ್ನು ತಗ್ಗಿಸಬಲ್ಲುದು. ವಂಕಿಯನ್ನು ಅಳವಡಿಸಲು ಪರೀಕ್ಷಾ ಮಂಚವನ್ನು ಏರಬೇಕು. ಹೀಗೆ ಒಂದೊಂದೇ ಬಾಗಿಲು ಮುಚ್ಚಿದಾಗ ಶಸ್ತ್ರಚಿಕಿತ್ಸೆಯೇ ಸುಲಭವೆಂದು ಮನೆಯವರಿಗೆ ತೋರುವುದು ಅಚ್ಚರಿಯಲ್ಲ.

ಆ ಸುಲಭದ ಇತಿಹಾಸ ಕಹಿಯಾದುದು. 1994ರಲ್ಲಿ ನೆರೆಯ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ನಿಲಯದ ಬುದ್ಧಿಮಾಂದ್ಯ ಯುವತಿಯರ ಗರ್ಭಕೋಶಗಳನ್ನು ಪುಣೆಯಲ್ಲಿ ತೆಗೆಯಲಾಯಿತು. ಮುಟ್ಟಿನ ನೈರ್ಮಲ್ಯವೇ ಕೊಟ್ಟ ಕಾರಣ. 1995ರ ಅಂಗವಿಕಲರ ಅಧಿನಿಯಮವು ಈ ಬಗ್ಗೆ ಮೌನವಾಗಿತ್ತು. 2009ರಲ್ಲಿ ಚಂಡೀಗಢದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬುದ್ಧಿಮಾಂದ್ಯವುಳ್ಳ ಸ್ತ್ರೀಯ ಗರ್ಭಪಾತಕ್ಕೆ ಅವಳದೇ ಸಮ್ಮತಿ ಬೇಕೆಂದು ತೀರ್ಪಿತ್ತಿತು. 2016ರ ಅಧಿನಿಯಮದ 10ನೆಯ ಪ್ರಕರಣವು, ಮುಕ್ತವೂ ತಿಳಿವಳಿಕೆಯಿಂದ ಕೂಡಿದುದೂ ಆದ ಸಮ್ಮತಿಯಿಲ್ಲದೆ ಬಂಜೆತನವನ್ನುಂಟುಮಾಡುವ ಯಾವ ಚಿಕಿತ್ಸೆಯನ್ನೂ ಮಾಡಕೂಡದೆಂದು ವಿಧಿಸಿದೆ.

2014ರಲ್ಲಿ ಪ್ರಕಟವಾದ, ಬೀದರ್ ಮತ್ತು ಮೇದಕ್ ಜಿಲ್ಲೆಗಳ ಅಧ್ಯಯನವೊಂದು ಅಂಗವಿಕಲ ಸ್ತ್ರೀಯರಲ್ಲಿ ಗರ್ಭಧಾರಣೆಯ ಪ್ರಮಾಣ ಗಣನೀಯವಾಗಿ ಕಡಿಮೆಯೆಂದು ತೋರಿಸಿತು. ಈ ಕೊರತೆಯಲ್ಲಿ ಆಯ್ಕೆಯ ಪಾಲೆಷ್ಟು, ತಡೆಯ ಪಾಲೆಷ್ಟು? ಗುಜರಾತಿನ ಮೂರು ನಗರಗಳಲ್ಲಿ ಕೇಳಬೇಕಾದುದೂ ಇದನ್ನೇ. ಕಿವುಡ ಸ್ತ್ರೀಯು ಸಮ್ಮತಿಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರೆ, ನಾದಿನಿಯು ಸನ್ನೆಯಿಂದ ಅವಳಿಗೆ ಏನನ್ನು ತಿಳಿಸಿದ್ದಳೆಂಬುದನ್ನು ಸಂದರ್ಶಕರು ನಾದಿನಿ ಇಲ್ಲದ ವೇಳೆಯಲ್ಲಿ, ಬೇರೊಬ್ಬ ಸಂಜ್ಞಾಭಾಷಾ ದುಭಾಷಿಯ ನೆರವಿನಿಂದ ವಿಚಾರಿಸಬೇಕಾಗುತ್ತದೆ.