ಅಗಲ ತೆರೆಯ ಆಸೆ: ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಮುನ್ನ

ನಮ್ಮ ತರುಣರ ಬಾಯಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. ಅದು ‘ಅಲ್ಟ್ರಾವೈಡ್ ಮಾನಿಟರ್’. ಹಗಲೆಲ್ಲ ಫೋರ್ಟಿನ ಕಚೇರಿಯಲ್ಲಿ ಲೆಕ್ಕ ಬರೆದು, ಇಲ್ಲವೆ ಹೋಟೆಲಿನ ಗಲ್ಲಾದಲ್ಲಿ ಕುಳಿತು ದಣಿದು, ರಾತ್ರಿ ಕೋಣೆಗೆ ಮರಳಿದ ಮೇಲೆ ಒಂದೆರಡು ಗಂಟೆ ಗಣಕಯಂತ್ರದ ಆಟದಲ್ಲಿ ಮನಸ್ಸನ್ನು ಹಗುರಗೊಳಿಸಿಕೊಳ್ಳುವವರು ನಮ್ಮಲ್ಲಿ ಈಗ ವಿರಳರಲ್ಲ. ಅವರಿಗೆ ಮಾಮೂಲಿನ ತೆರೆ ಸಾಲದಾಗಿದೆ. ಎಡಬಲಗಳಿಗೆ ಚಾಚಿಕೊಂಡ ಅಗಲವಾದ ತೆರೆ ಬೇಕಾಗಿದೆ. ಇದನ್ನು ಕೇಳಿ ಹಿರಿಯರು ಮೂಗು ಮುರಿಯುವುದುಂಟು. ಆದರೆ ಆಟವಾಡುವವನನ್ನು ಜರೆಯುವುದು ಈ ಲೇಖನದ ಉದ್ದೇಶವಲ್ಲ. ದುಡಿದವನಿಗೆ ವಿನೋದದ ಹಕ್ಕಿದೆ. ನಾವು ಹೇಳಹೊರಟಿರುವುದಿಷ್ಟೆ: ಎರಡು ಮೂರು ತಿಂಗಳ ಸಂಬಳವನ್ನು ನುಂಗಬಲ್ಲ ಈ ವಸ್ತುವನ್ನು ಅಂಗಡಿಯ ಝಗಝಗಿಸುವ ಬೆಳಕಿನಲ್ಲಿ ಆರಿಸಬಾರದು, ತನ್ನ ಕೋಣೆ, ತನ್ನ ಯಂತ್ರ, ತನ್ನ ಆಟ ಇವು ಮೂರನ್ನೂ ಮುಂದಿಟ್ಟುಕೊಂಡು ಮನೆಯಲ್ಲಿ ಕುಳಿತೇ ಆರಿಸಬೇಕು.

ಅಗಲ ತೆರೆಯ ಮೋಹವೇನೂ ಇಂದು ನಿನ್ನೆಯದಲ್ಲ. ಮನೆಮನೆಗೆ ಬಂದ ಟೆಲಿವಿಷನ್ ಪ್ರೇಕ್ಷಕರನ್ನು ಕಸಿದುಕೊಳ್ಳತೊಡಗಿದಾಗ ಅಮೆರಿಕದ ಚಿತ್ರೋದ್ಯಮಿಗಳು ಚಿತ್ರಮಂದಿರದಲ್ಲಿ ಮಾತ್ರ ದೊರೆಯುವ ಭವ್ಯತೆಯೊಂದನ್ನು ಹುಡುಕಿ, 1953ರಲ್ಲಿ ‘ದಿ ರೋಬ್’ ಚಿತ್ರದೊಡನೆ ಸಿನೆಮಾಸ್ಕೋಪನ್ನು ಜಗತ್ತಿನ ಮುಂದಿಟ್ಟರು. ಆರೇ ವರ್ಷಗಳಲ್ಲಿ, 1959ರಲ್ಲಿ, ಅದು ನಮ್ಮ ಮುಂಬಯಿಯಲ್ಲಿ ‘ಕಾಗಜ್ ಕೇ ಫೂಲ್’ ಆಗಿ ಅವತರಿಸಿತು. ಭಾರತದ ಆ ಮೊದಲ ಸಿನೆಮಾಸ್ಕೋಪ್ ಚಿತ್ರವನ್ನು ನಿರ್ದೇಶಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು. ಛಾಯಾಗ್ರಹಣ ಮಾಡಿದವರು ಮೈಸೂರಿನ ವಿ. ಕೆ. ಮೂರ್ತಿಯವರು. ಚಿತ್ರ ಅಂದು ಹಣ ತರಲಿಲ್ಲ. ಆದರೆ ಮೂರ್ತಿಯವರಿಗೆ 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಾಗ ಜನರೆಲ್ಲ ಮೊದಲು ನೆನೆದುದು ಆ ಚಿತ್ರದ ಬೆಳಕುನೆರಳುಗಳನ್ನೇ. ಅಗಲ ತೆರೆಯನ್ನು ಈ ದೇಶಕ್ಕೆ ತಂದ ಕಣ್ಣು ಕನ್ನಡಿಗನದೆಂದು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.

ಇನ್ನೊಂದು ಸಂಬಂಧವೂ ಇದೆ. ಇಂದು ಮಾನಿಟರ್ ಕೊಳ್ಳುವವರು ಗ್ರಾಂಟ್ ರೋಡ್ ನಿಲ್ದಾಣದಲ್ಲಿಳಿದು ಪೂರ್ವಕ್ಕೆ ನಡೆದು ಹೋಗುವ ಲ್ಯಾಮಿಂಗ್ಟನ್ ರಸ್ತೆ, ಅಂದರೆ ಈಗಿನ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ, ಒಂದು ಕಾಲಕ್ಕೆ ಚಿತ್ರಮಂದಿರಗಳ ಬೀದಿಯಾಗಿತ್ತು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ 1975ರಲ್ಲಿ ಆರಂಭವಾಗಿ ಐದು ವರ್ಷಗಳಿಗೂ ಮೀರಿ ನಡೆದುದು ಅದೇ ರಸ್ತೆಯ ಮಿನರ್ವಾದಲ್ಲಿ. 35 ಮಿಲಿಮೀಟರಿನಲ್ಲಿ ಚಿತ್ರಿಸಿ 70 ಮಿಲಿಮೀಟರಿಗೆ ಹಿಗ್ಗಿಸಿದ ಆ ಚಿತ್ರವನ್ನು ನೋಡಲು ಸಾಲುಗಟ್ಟಿ ನಿಂತವರಲ್ಲಿ ಹೋಟೆಲ್ ಹುಡುಗರು ಎಷ್ಟು ಮಂದಿಯೋ! ಅಂದು ಅಪ್ಪನು ಅಗಲ ತೆರೆಗಾಗಿ ಟಿಕೇಟು ಕೊಂಡ ಬೀದಿಯಲ್ಲೇ ಇಂದು ಮಗನು ತೆರೆಯನ್ನೇ ಕೊಳ್ಳಲು ಹೋಗುತ್ತಿದ್ದಾನೆ.

ಈಗ ವಸ್ತುವಿನ ವಿಚಾರಕ್ಕೆ ಬರೋಣ. ಸಾಮಾನ್ಯ ಮಾನಿಟರಿನ ಅಗಲ ಎತ್ತರಗಳ ಪ್ರಮಾಣ 16ಕ್ಕೆ 9. ಅಲ್ಟ್ರಾವೈಡಿನದು 21ಕ್ಕೆ 9. ಇದು ಹೆಚ್ಚುಕಡಿಮೆ ಸಿನೆಮಾಸ್ಕೋಪಿನ ಪ್ರಮಾಣವೇ. ಎಲ್‌ಜಿ ಕಂಪೆನಿ 2012ರಲ್ಲಿ 29 ಅಂಗುಲದ ಇಂಥ ಮಾನಿಟರನ್ನು ತಂದಿತು; ಅನಂತರ ಉಳಿದ ಕಂಪೆನಿಗಳೂ ಹಿಂಬಾಲಿಸಿದವು. ಈಗ 34 ಅಂಗುಲದ್ದು ಎಲ್ಲೆಡೆ ಬಳಕೆಯಲ್ಲಿದೆ. 32ಕ್ಕೆ 9ರ ಪ್ರಮಾಣದ 49 ಅಂಗುಲದ ಮಹಾಕಾಯವೂ ಉಂಟು.

ಇಲ್ಲಿಯೇ ಗಿರಾಕಿ ಮೊದಲು ಎಡವುತ್ತಾನೆ. ಅಂಗಡಿಯವನು ಹೇಳುವ ಅಂಗುಲ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದ ಓರೆ ಅಳತೆ. 34 ಎಂದೊಡನೆ 32ಕ್ಕಿಂತ ದೊಡ್ಡದೆಂದು ನಾವು ನಂಬಿಬಿಡುತ್ತೇವೆ. ಲೆಕ್ಕ ಹಾಕಿ ನೋಡಿದರೆ, 34 ಅಂಗುಲದ ಅಲ್ಟ್ರಾವೈಡ್ ಸುಮಾರು ಮೂವತ್ತೊಂದೂವರೆ ಅಂಗುಲ ಅಗಲ, ಹದಿಮೂರು ಅಂಗುಲ ಎತ್ತರ. ಒಟ್ಟು ಸುಮಾರು 412 ಚದರಂಗುಲ. 32 ಅಂಗುಲದ ಸಾಮಾನ್ಯ ಮಾನಿಟರೋ ಸುಮಾರು 438 ಚದರಂಗುಲ. ಅಂದರೆ ‘ಚಿಕ್ಕ’ದೇ ದೊಡ್ಡದು. ದೋಸೆಯನ್ನು ಉದ್ದಕ್ಕೆ ಎಳೆದ ಮಾತ್ರಕ್ಕೆ ಹಿಟ್ಟು ಹೆಚ್ಚಿತೆಂದು ನಮ್ಮ ಹೋಟೆಲ್ ಬಂಧುಗಳು ಯಾರೂ ಒಪ್ಪಲಾರರು. 34 ಅಂಗುಲದ ಅಲ್ಟ್ರಾವೈಡ್ ಎಂದರೆ, 27 ಅಂಗುಲದ ಸಾಮಾನ್ಯ ಮಾನಿಟರಿಗೆ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಅಂಗುಲ ಅಂಟಿಸಿದಂತೆ; ಎತ್ತರ ಎರಡಕ್ಕೂ ಒಂದೇ. 29 ಅಂಗುಲದ್ದರ ಎತ್ತರವಂತೂ 23 ಅಂಗುಲದ ಹಳೆಯ ಮಾನಿಟರಿನಷ್ಟೆ.

ಇನ್ನು ಕೋಣೆ. 1920ರ ದಶಕದಲ್ಲಿ ಕಟ್ಟಿದ ವರಳಿ, ನಾಯಗಾಂವ್‌ಗಳ ಬಿ.ಡಿ.ಡಿ. ಚಾಳಿನ ಒಂದು ಖೋಲಿ 160 ಚದರಡಿ. ನಾಲಾಸೋಪಾರಾ, ಡೊಂಬಿವಲಿಗಳ ಹೊಸ ಕಟ್ಟಡದಲ್ಲಿದ್ದರೂ ನಾಲ್ವರು ಕೂಡಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಒಬ್ಬನ ಪಾಲಿಗೆ ಬರುವುದು ಗೋಡೆಗಂಟಿದ ಒಂದು ಪುಟ್ಟ ಮೇಜು. ಹದಿನೆಂಟು ಅಂಗುಲ ಆಳದ ಮೇಜಿನ ಮೇಲೆ ಹತ್ತು ಅಂಗುಲದ ಪೀಠವುಳ್ಳ ಮಾನಿಟರನ್ನಿಟ್ಟರೆ ಕೀಬೋರ್ಡಿಗೆ ಉಳಿಯುವುದು ಎಂಟೇ ಅಂಗುಲ. ಕಣ್ಣಿಗೂ ತೆರೆಗೂ ನಡುವೆ ಬೇಕಾದ ಎರಡು ಎರಡೂವರೆ ಅಡಿ ದೂರ ಸಿಕ್ಕುವುದೇ ಇಲ್ಲ. ತೀರ ಹತ್ತಿರ ಕುಳಿತವನು ತೆರೆಯ ಎರಡು ಅಂಚುಗಳನ್ನು ನೋಡಲು ಟೆನಿಸ್ ಪಂದ್ಯದ ಪ್ರೇಕ್ಷಕನಂತೆ ಕತ್ತು ತಿರುಗಿಸುತ್ತಿರಬೇಕಾಗುತ್ತದೆ. ಗೋಡೆಗೆ ತೂಗುಹಾಕುವ ಕಬ್ಬಿಣದ ತೋಳು ಇದಕ್ಕೊಂದು ಪರಿಹಾರ. ಆದರೆ ಮಾನಿಟರಿನ ಬೆನ್ನಿನಲ್ಲಿ ‘ವೇಸಾ’ ಎಂಬ ನಾಲ್ಕು ರಂಧ್ರಗಳಿರಬೇಕು, ಗೋಡೆ ಇಟ್ಟಿಗೆಯದಾಗಿರಬೇಕು. ಪ್ಲೈವುಡ್ಡಿನ ಅಡ್ಡಗೋಡೆಗೆ ಆ ಭಾರವನ್ನು ಹೊರಿಸಬಾರದು. 49 ಅಂಗುಲದ್ದು ನಾಲ್ಕಡಿ ಅಗಲ. ಅದರ ಮಾತನ್ನು ಇಲ್ಲಿಗೇ ಬಿಡುವುದು ಮೇಲು.

ಎರಡನೆಯ ಖರ್ಚು ಕಣ್ಣಿಗೆ ಕಾಣದು. ತೆರೆಯ ಮೇಲಿನ ಚಿತ್ರ ಪಿಕ್ಸೆಲ್ ಎಂಬ ಬಿಂದುಗಳಿಂದಾದುದು. ಆಟದಲ್ಲಿ ಪ್ರತಿಯೊಂದು ಬಿಂದುವಿಗೂ ಬಣ್ಣ ತುಂಬುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು, ಅದೂ ಸೆಕೆಂಡಿಗೆ ಹತ್ತಾರು ಸಲ. ಸಾಮಾನ್ಯವಾದ 1920×1080 ತೆರೆಯಲ್ಲಿ 20,73,600 ಬಿಂದುಗಳು. 2560×1080ರ ಅಲ್ಟ್ರಾವೈಡಿನಲ್ಲಿ 27,64,800. 3440×1440ರಲ್ಲಿ 49,53,600, ಅಂದರೆ ಮೊದಲಿನದರ ಸುಮಾರು 2.4 ಪಟ್ಟು. ಒಬ್ಬ ಮಾಣಿ ಹತ್ತು ಮೇಜುಗಳನ್ನು ಚುರುಕಾಗಿ ನೋಡಿಕೊಳ್ಳುತ್ತಾನೆಂದು ಅವನಿಗೆ ಇಪ್ಪತ್ತನಾಲ್ಕು ಮೇಜುಗಳನ್ನು ಒಪ್ಪಿಸಿದರೆ ಏನಾದೀತೋ, ಹಳೆಯ ಕಾರ್ಡಿಗೆ ಹೊಸ ತೆರೆ ಜೋಡಿಸಿದರೆ ಅದೇ ಆಗುತ್ತದೆ: ಚಿತ್ರ ತಡವರಿಸುತ್ತದೆ. 2019ರಲ್ಲಿ ಬಂದ ಜಿ.ಟಿ.ಎಕ್ಸ್. 1650ರಂಥ 4 ಜಿಬಿ ಕಾರ್ಡುಳ್ಳವರು 3440×1440ರ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಸೆಕೆಂಡ್‌ಹ್ಯಾಂಡ್ ಯಂತ್ರ ಕೊಂಡವರು ತಮ್ಮಲ್ಲಿ ಯಾವ ಕಾರ್ಡಿದೆಯೆಂದು ಮೊದಲು ತಿಳಿದುಕೊಳ್ಳಬೇಕು. ಇಲ್ಲವಾದರೆ ಮಾನಿಟರ್ ಕೊಂಡ ತಿಂಗಳೊಳಗೇ ಕಾರ್ಡಿಗಾಗಿ ಮತ್ತೊಂದು ಸಾಲ.

ಇದೇ ಕಾರಣದಿಂದ ಕೆಲವರು 34 ಅಂಗುಲದ, ಆದರೆ 2560×1080 ಬಿಂದುಗಳ ಅಗ್ಗದ ಮಾನಿಟರಿಗೆ ಮನಸೋಲುತ್ತಾರೆ. ಅದನ್ನು ಕೊಳ್ಳಬಾರದೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಅಲ್ಲಿ ಅಂಗುಲವೊಂದಕ್ಕೆ ಸುಮಾರು 82 ಬಿಂದುಗಳು ಮಾತ್ರ. 24 ಅಂಗುಲದ ಮಾಮೂಲಿ ಮಾನಿಟರಿನಲ್ಲೂ 92 ಇರುತ್ತವೆ. ಎರಡಡಿ ದೂರದಿಂದ ಅಕ್ಷರಗಳ ಅಂಚು ಒರಟೊರಟಾಗಿ ಕಾಣುತ್ತದೆ. ಕಚೇರಿಯ ಲೆಕ್ಕಪತ್ರಗಳನ್ನೂ ಅದರಲ್ಲೇ ನೋಡುವ ಗುಮಾಸ್ತನ ಕಣ್ಣಿಗೆ ಅದು ದಿನನಿತ್ಯದ ಶಿಕ್ಷೆ. ಅಷ್ಟೇ ಬಿಂದುಗಳು 29 ಅಂಗುಲದಲ್ಲಿ ಒತ್ತಾಗಿ ಸೇರಿದರೆ ಚಿತ್ರ ಚೊಕ್ಕವಾಗಿರುತ್ತದೆ. 34 ಅಂಗುಲಕ್ಕೆ 3440×1440ರದ್ದೇ ತಕ್ಕ ಜೋಡಿ.

ಮೂರನೆಯದು ಆಟ. ಮಾರುವವರು ಇದರ ಸುದ್ದಿಯನ್ನೇ ಎತ್ತುವುದಿಲ್ಲ. ಎಲ್ಲ ಆಟಗಳೂ ಅಗಲ ತೆರೆಯನ್ನು ಗೌರವಿಸುವುದಿಲ್ಲ! ‘ಫೋರ್ಜಾ ಹೊರೈಜನ್’ ತರಹದ ಮೋಟಾರು ಪಂದ್ಯಗಳಲ್ಲಿ, ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ವಿಮಾನದಲ್ಲಿ, ‘ಜಿಟಿಎ 5’ರ ನಗರಸಂಚಾರದಲ್ಲಿ ಅಗಲ ನಿಜವಾಗಿ ಫಲಕಾರಿ, ಇಕ್ಕೆಲದ ರಸ್ತೆ, ಆಕಾಶ, ಬೀದಿಗಳು ಕಣ್ಣೊಳಗೆ ಬಂದು ಕೂಡುತ್ತವೆ. ಆದರೆ ತರುಣರು ರಾತ್ರಿಯಿಡೀ ಆಡುವ ‘ವ್ಯಾಲೊರಂಟ್’ 16ಕ್ಕೆ 9ನ್ನು ಬಿಟ್ಟು ಹೆಚ್ಚಿನ ನೋಟ ಕೊಡುವುದಿಲ್ಲ. ಪಂದ್ಯದಲ್ಲಿ ಎಲ್ಲರಿಗೂ ಸಮಾನ ನೋಟವಿರಲಿ ಎಂಬುದು ಅವರ ವಾದ. ಆ ವಾದದಲ್ಲಿ ನ್ಯಾಯವೂ ಇದೆ, ದುಡ್ಡುಳ್ಳವನು ಮೂಲೆಯಾಚೆಗೂ ಕಾಣುವಂತಾಗಬಾರದಷ್ಟೆ. ಪರಿಣಾಮವೇನೆಂದರೆ 34 ಅಂಗುಲದ ತೆರೆಯ ಎರಡು ಪಕ್ಕಗಳಲ್ಲಿ ನಾಲ್ಕು ನಾಲ್ಕಂಗುಲ ಕಪ್ಪು ಪಟ್ಟಿ, ನಡುವೆ 27 ಅಂಗುಲದ ಆಟ. ಬೇಕಾದರೆ ಚಿತ್ರವನ್ನು ಎಳೆದು ಹಿಗ್ಗಿಸಬಹುದು. ಆಗ ಮನುಷ್ಯರೆಲ್ಲ ಕುಳ್ಳರಾಗಿ ದಪ್ಪಗಾಗುತ್ತಾರೆ. 2022ರಲ್ಲಿ ಹೆಸರಾದ ‘ಎಲ್ಡೆನ್ ರಿಂಗ್’ ಕೂಡ ಇಕ್ಕೆಲಗಳಲ್ಲಿ ಕಪ್ಪು ಪಟ್ಟಿಯನ್ನೇ ತೋರಿಸಿತು. ಮತ್ತೆ ಕೆಲವು ಆಟಗಳು ಅಗಲ ಕೊಟ್ಟಂತೆ ಮಾಡಿ ಮೇಲೆ ಕೆಳಗೆ ಕತ್ತರಿಸಿಬಿಡುತ್ತವೆ. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಯಂತ್ರಗಳಂತೂ 21ಕ್ಕೆ 9ರ ಚಿತ್ರವನ್ನು ಹೊರಗೆ ಕಳುಹಿಸುವುದೇ ಇಲ್ಲ. ಅವುಗಳಿಗಾಗಿ ಅಲ್ಟ್ರಾವೈಡ್ ಕೊಳ್ಳುವುದು ಕೇವಲ ದುಂದು. ಆದುದರಿಂದ ತಾನು ವಾಸ್ತವವಾಗಿ ಆಡುವ ಐದು ಆಟಗಳನ್ನು ಚೀಟಿಯಲ್ಲಿ ಬರೆದು, ಅವುಗಳಲ್ಲಿ ಅಗಲ ತೆರೆಗೆ ಒಗ್ಗುವವು ಎಷ್ಟೆಂದು ನೋಡಬೇಕು. ಮೂರಕ್ಕಿಂತ ಕಡಿಮೆಯಾದರೆ 27 ಅಂಗುಲದ 2560×1440ರ ಸಾಮಾನ್ಯ ಮಾನಿಟರೇ ಜಾಣತನ. ಉಪನಗರಗಳಲ್ಲಿ ಗಂಟೆಗಿಷ್ಟೆಂದು ಬಾಡಿಗೆ ತೆಗೆದುಕೊಳ್ಳುವ ಗೇಮಿಂಗ್ ಕೆಫೆಗಳಿವೆ. ಅಗಲ ತೆರೆಯಿರುವಲ್ಲಿ ಒಂದು ಸಂಜೆ ಕುಳಿತು ಬಂದರೆ ಸಂಶಯ ಅರ್ಧ ಕರಗೀತು.

ಆಟದ ಹೊರಗೆ ಅಲ್ಟ್ರಾವೈಡಿನ ಲಾಭವನ್ನು ಮರೆಮಾಚುವುದು ನ್ಯಾಯವಲ್ಲ. ಒಂದು ಪಕ್ಕದಲ್ಲಿ ಟ್ಯಾಲಿ, ಇನ್ನೊಂದು ಪಕ್ಕದಲ್ಲಿ ಬ್ಯಾಂಕಿನ ಪಟ್ಟಿ ತೆರೆದಿಟ್ಟು ಹೋಲಿಸುವ ಗುಮಾಸ್ತನಿಗೆ ಅದು ಎರಡು ಮಾನಿಟರುಗಳ ಕೆಲಸ ಮಾಡಿಕೊಡುತ್ತದೆ. ಸ್ಕೋಪ್ ಚಿತ್ರಗಳು ತೆರೆಯನ್ನು ಪೂರ್ತಿ ತುಂಬುತ್ತವೆ. ಧಾರಾವಾಹಿಗಳಿಗೆ ಮಾತ್ರ ಪಕ್ಕಪಟ್ಟಿ ತಪ್ಪದು.

ಬಾಗಿದ ತೆರೆಯ ವಿಷಯ ಸಂಕ್ಷೇಪವಾಗಿ ಹೇಳಬಹುದು. 1500 ಆರ್ ಎಂದರೆ ಒಂದೂವರೆ ಮೀಟರ್ ತ್ರಿಜ್ಯದ ವೃತ್ತದ ಬಾಗು; ಸಂಖ್ಯೆ ಕಿರಿದಾದಷ್ಟೂ ಬಾಗು ಹೆಚ್ಚು. ಎದುರಿಗೆ ಒಬ್ಬನೇ ಕುಳಿತರೆ ಹಿತ, ಮಂಚದ ಮೇಲಿಂದ ಮೂವರು ಗೆಳೆಯರು ಇಣುಕುತ್ತಿದ್ದರೆ ಅಷ್ಟು ಹಿತವಲ್ಲ. ಫಲಕಗಳಲ್ಲಿ ಐಪಿಎಸ್ ಯಾವ ಕೋನದಿಂದಲೂ ಬಣ್ಣ ಕೆಡಿಸದು. ವಿಎ ಕಪ್ಪನ್ನು ಗಾಢವಾಗಿ ತೋರಿಸುತ್ತದೆ, ಆದರೆ ಕತ್ತಲೆಯ ದೃಶ್ಯದಲ್ಲಿ ವೇಗದ ಚಲನೆ ಕೊಂಚ ಮಸಿಯೆಳೆದಂತಾಗುತ್ತದೆ. ಓಎಲ್‌ಇಡಿ ಎಲ್ಲಕ್ಕೂ ಸುಂದರ, ಎಲ್ಲಕ್ಕೂ ದುಬಾರಿ. ಹಗಲೆಲ್ಲ ಅದೇ ಲೆಕ್ಕದ ಪಟ್ಟಿಯನ್ನು ತೋರಿಸಿದರೆ ಅದರ ಗುರುತು ತೆರೆಯಲ್ಲಿ ಅಚ್ಚೊತ್ತಿ ನಿಲ್ಲುವ ಭಯವೂ ಓಎಲ್‌ಇಡಿಗೆ ಉಂಟು.

ತೆರಿಗೆಯ ಮಾತನ್ನು ಪ್ರತಿಯೊಬ್ಬ ಗಿರಾಕಿಯೂ ಅರಿತಿರಬೇಕು. 32 ಅಂಗುಲದವರೆಗಿನ ಮಾನಿಟರುಗಳ ಜಿ.ಎಸ್.ಟಿ. 2019ರ ಜನವರಿಯಿಂದಲೇ ಶೇಕಡಾ 18ಕ್ಕೆ ಇಳಿದಿತ್ತು. 34 ಅಂಗುಲದವು ಮಾತ್ರ ಶೇಕಡಾ 28ರ ಹೊರೆಯಲ್ಲೇ ಉಳಿದಿದ್ದವು. 2025ರ ಸೆಪ್ಟೆಂಬರ್ 22ರಿಂದ ಅವೂ 18ಕ್ಕೆ ಬಂದಿವೆ. ಮೂಲಬೆಲೆ 30,000 ರೂಪಾಯಿ ಎಂದಿಟ್ಟುಕೊಂಡರೆ ಹಿಂದೆ ತೆರಿಗೆ 8,400, ಈಗ 5,400. ಮೂರು ಸಾವಿರದ ಅಂತರ. ಪೆಟ್ಟಿಗೆಯ ಮೇಲೆ ಹಳೆಯ ಬೆಲೆ ತೋರಿಸಿ, ಇಷ್ಟು ರಿಯಾಯಿತಿ ಕೊಟ್ಟೆನೆಂದು ಉಪಕಾರ ಹೊರಿಸುವವರಿದ್ದರೆ ಬಿಲ್ಲಿನಲ್ಲಿ ತೆರಿಗೆಯ ದರವನ್ನು ಓದಿ ನೋಡಿರಿ.

ಬಿಲ್ಲಿಲ್ಲದೆ ಎರಡು ಸಾವಿರ ಕಡಿಮೆ ಮಾಡುತ್ತೇನೆಂಬ ಮಾತು ಆ ಬೀದಿಯಲ್ಲಿ ನಮ್ಮ ಕಿವಿಗೂ ಬಿದ್ದಿದೆ. ಹೋಟೆಲು ನಡೆಸಿದ ನಮಗೆ ಕಚ್ಚಾ ಬಿಲ್ಲೆಂದರೇನೆಂಬುದು ಗೊತ್ತಿಲ್ಲದ ವಿದ್ಯೆಯೇನಲ್ಲ. ಮಾನಿಟರಿನಲ್ಲಿ ಆ ಎರಡು ಸಾವಿರಕ್ಕೆ ಮಾರಿಕೊಳ್ಳುವುದು ಮೂರು ವರ್ಷಗಳ ವಾರಂಟಿಯನ್ನು. ‘ಬಡ್ಡಿಯಿಲ್ಲದ ಕಂತು’ ಎಂಬಲ್ಲಿಯೂ ಸಂಸ್ಕರಣ ಶುಲ್ಕವೆಂಬ ಬಾಲವಿದೆಯೇ ಎಂದು ಕೇಳಿ ತಿಳಿಯಬೇಕು. ಹಣ ಎಣಿಸುವ ಮುನ್ನ ಪೆಟ್ಟಿಗೆ ಒಡೆಸಿ, ತೆರೆ ಹಚ್ಚಿಸಿ, ಇಡಿಯ ಬಿಳುಪು, ಇಡಿಯ ಕಪ್ಪು, ಇಡಿಯ ಕೆಂಪು ಚಿತ್ರಗಳನ್ನು ತೋರಿಸಹೇಳಿರಿ. ಸತ್ತ ಬಿಂದು, ಅಂಚಿನಿಂದ ಸೋರುವ ಬೆಳಕು ಆಗಲೇ ಕಣ್ಣಿಗೆ ಬೀಳುತ್ತವೆ. ಮೂರಡಿಯ ಆ ಪೆಟ್ಟಿಗೆಯನ್ನು ಸಂಜೆಯ ವಿರಾರ್ ಲೋಕಲಿನಲ್ಲಿ ಒಯ್ಯುವ ಸಾಹಸ ಮಾತ್ರ ಬೇಡ. ಮಧ್ಯಾಹ್ನ ಎರಡರ ಸುಮಾರಿಗೆ ಲಗ್ಗೇಜಿನ ಡಬ್ಬಿ ಹಿಡಿದರೆ ತೆರೆ ಉಳಿದೀತು.

ಮನೆಗೆ ತಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಮಾನಿಟರಿಗೆಂದು ಹಣ ತೆತ್ತು, ಅದನ್ನು 60ರಲ್ಲೇ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಹಳೆಯ ಎಚ್‌ಡಿಎಮ್‌ಐ ತಂತಿಯನ್ನು ಬಿಟ್ಟು ಡಿಸ್‌ಪ್ಲೇಪೋರ್ಟ್ ತಂತಿಯನ್ನು ಜೋಡಿಸಬೇಕು. ಅದನ್ನು ಮದರ್‌ಬೋರ್ಡಿನ ತೂತಿಗಲ್ಲ, ಗ್ರಾಫಿಕ್ಸ್ ಕಾರ್ಡಿನ ತೂತಿಗೇ ಚುಚ್ಚಬೇಕು. ಬಳಿಕ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನೊಳಗೆ ಹೋಗಿ ರಿಫ್ರೆಶ್ ರೇಟ್ ಎಂಬಲ್ಲಿ 60ನ್ನು ತೆಗೆದು 144ನ್ನು ಕೈಯಾರೆ ಆರಿಸಬೇಕು.